ಶಾಲಾ ನಿಧಿ ಸಂಗ್ರಹ

ಶಾಲಾ ನಿಧಿ ಸಂಗ್ರಹ ಎಂದರೆ ಶಾಲೆಯ ನಿರ್ದಿಷ್ಟ ಅಗತ್ಯವೊಂದಕ್ಕಾಗಿ ಪೋಷಕರು, ಹಳೆಯ ವಿದ್ಯಾರ್ಥಿಗಳು, ಊರಿನವರು ಹಾಗೂ ಸಂಸ್ಥೆಗಳಿಂದ ಸ್ವಇಚ್ಛೆಯ ನೆರವನ್ನು ಒಟ್ಟುಗೂಡಿಸುವ ಚಟುವಟಿಕೆ. ನೆರವು ಹಣ, ವಸ್ತು ಅಥವಾ ಶ್ರಮದಾನದ ರೂಪದಲ್ಲಿರಬಹುದು. ಗ್ರಂಥಾಲಯ, ಶೌಚಾಲಯ, ಕುಡಿಯುವ ನೀರು, ಪ್ರಯೋಗಾಲಯದ ಉಪಕರಣ ಮತ್ತು ಕಟ್ಟಡದ ದುರಸ್ತಿ ಇದರ ಸಾಮಾನ್ಯ ಉದ್ದೇಶಗಳು. ಶುಲ್ಕಕ್ಕೂ ದೇಣಿಗೆಗೂ ಇರುವ ಮುಖ್ಯ ವ್ಯತ್ಯಾಸವೆಂದರೆ, ದೇಣಿಗೆಯಲ್ಲಿ ಕೊಡದಿರುವ ಸ್ವಾತಂತ್ರ್ಯವೂ ಇರುತ್ತದೆ.

ಹಿನ್ನೆಲೆ

ವಿದ್ಯಾದಾನಕ್ಕೆ ಸಮುದಾಯ ನೆರವಾಗುವ ಪದ್ಧತಿ ಕರ್ನಾಟಕದಲ್ಲಿ ಪುರಾತನವಾದುದು. ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ದೊರೆತ, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ ಶಾಸನವು (ಕ್ರಿ.ಶ. 945) ಅಲ್ಲಿನ ವಿದ್ಯಾಕೇಂದ್ರಕ್ಕೆ ದೊರೆತ ಭೂದತ್ತಿಯನ್ನು ದಾಖಲಿಸಿದೆ. ಮದುವೆ, ಉಪನಯನಗಳ ಸಂದರ್ಭದಲ್ಲಿ ಸಲ್ಲಬೇಕಾದ ಕಾಣಿಕೆಯ ವಿವರವೂ ಅದರಲ್ಲಿದೆ. ಆಧುನಿಕ ಕಾಲದಲ್ಲಿ ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಆರಂಭಿಸಿದ ಕೆಎಲ್ಇ ಸಂಸ್ಥೆಯು ದಾನಿಗಳ ನೆರವಿನಿಂದ ಬೆಳೆಯಿತು.

ಕಾನೂನಿನ ಚೌಕಟ್ಟು

ಶಿಕ್ಷಣ ಹಕ್ಕು ಕಾಯ್ದೆ, 2009 ಭಾರತದಲ್ಲಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ 13ನೇ ಕಲಮು ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವಾಗ ವಂತಿಗೆ ಪಡೆಯುವುದನ್ನು ನಿಷೇಧಿಸುತ್ತದೆ. ಶಾಲೆ ಪ್ರಕಟಿಸಿದ ಶುಲ್ಕದ ಹೊರತಾಗಿ ಪಡೆಯುವ ಯಾವುದೇ ದೇಣಿಗೆಯೂ ವಂತಿಗೆಯ ವ್ಯಾಖ್ಯಾನದೊಳಗೆ ಬರುತ್ತದೆ. ಉಲ್ಲಂಘಿಸಿದರೆ ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ವಿಧಿಸಬಹುದು. ಆದ್ದರಿಂದ ನಿಧಿ ಸಂಗ್ರಹವನ್ನು ದಾಖಲಾತಿಯ ಕಾಲದಿಂದಲೂ ಪ್ರಕ್ರಿಯೆಯಿಂದಲೂ ದೂರವಿಡುವುದು ಅಗತ್ಯ.

ಇದೇ ಕಾಯ್ದೆಯ 21ನೇ ಕಲಮಿನಂತೆ, ಅನುದಾನರಹಿತ ಶಾಲೆಗಳನ್ನು ಬಿಟ್ಟು ಉಳಿದ ಶಾಲೆಗಳಲ್ಲಿ ನಿರ್ವಹಣಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗ ಪೋಷಕರಾಗಿರಬೇಕು ಮತ್ತು ಅರ್ಧದಷ್ಟು ಮಹಿಳೆಯರಿರಬೇಕು. ಸರ್ಕಾರದಿಂದ ಹಾಗೂ ಇತರ ಮೂಲಗಳಿಂದ ಬಂದ ಅನುದಾನದ ಬಳಕೆಯನ್ನು ಗಮನಿಸುವುದು ಸಮಿತಿಯ ಕರ್ತವ್ಯಗಳಲ್ಲೊಂದು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಈ ಹೊಣೆಯನ್ನು ನಿರ್ವಹಿಸುತ್ತದೆ.

ವಿಧಾನಗಳು

* ನೇರ ದೇಣಿಗೆ: ಹಳೆಯ ವಿದ್ಯಾರ್ಥಿಗಳ ಸಂಘ ಅಥವಾ ಊರಿನ ದಾನಿಗಳ ಮೂಲಕ ಸಂಗ್ರಹಿಸುವುದು. ಇದಕ್ಕೆ ತಗಲುವ ವೆಚ್ಚ ಕಡಿಮೆ.
* ದತ್ತಿನಿಧಿ: ಮೂಲಧನವನ್ನು ಬ್ಯಾಂಕಿನಲ್ಲಿರಿಸಿ, ಅದರ ಬಡ್ಡಿಯಿಂದ ಬಹುಮಾನ ಅಥವಾ ವಿದ್ಯಾರ್ಥಿವೇತನ ನೀಡುವುದು.
* ಸಹಾಯಾರ್ಥ ಪ್ರದರ್ಶನ ಮತ್ತು ಮೇಳ: ನಾಟಕ, ಯಕ್ಷಗಾನ, ತಿಂಡಿ ಮೇಳ, ಕರಕುಶಲ ವಸ್ತುಗಳ ಮಾರಾಟ.
* ವಸ್ತುರೂಪದ ನೆರವು: ಪುಸ್ತಕ, ಬೆಂಚು, ನೀರಿನ ಟ್ಯಾಂಕ್ ಮುಂತಾದವು.
* ಸಾಮಾಜಿಕ ಹೊಣೆಗಾರಿಕೆ ನಿಧಿ: ಕಂಪನಿ ಕಾಯ್ದೆ, 2013ರ 135ನೇ ಕಲಮಿಗೆ ಒಳಪಡುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. ಶಿಕ್ಷಣವೂ ಅವುಗಳಲ್ಲಿ ಸೇರಿದೆ.

ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿರುವುದರಿಂದ, ಹಣ ಪಡೆದು ಅದೃಷ್ಟದ ಚೀಟಿ ಮಾರುವ ಕ್ರಮವು ಕಾನೂನಿನ ತೊಡಕಿಗೆ ಕಾರಣವಾಗಬಹುದು.

ಯೋಜನೆ ಮತ್ತು ನಿರ್ವಹಣೆ

ಉದ್ದೇಶ ಸ್ಪಷ್ಟವಾಗಿದ್ದಷ್ಟೂ ದಾನಿಗಳ ವಿಶ್ವಾಸ ಹೆಚ್ಚುತ್ತದೆ. "ಶಾಲೆಯ ಅಭಿವೃದ್ಧಿಗೆ" ಎಂಬ ಮನವಿಗಿಂತ, ಎರಡು ಶೌಚಾಲಯಗಳ ದುರಸ್ತಿಗೆ ಇಷ್ಟು ಮೊತ್ತ ಎಂದು ದರಪಟ್ಟಿಯ ಸಹಿತ ಕೇಳುವ ಮನವಿ ಹೆಚ್ಚು ಫಲಕಾರಿ. ಸಮಿತಿಯ ಸಭೆಯಲ್ಲಿ ಠರಾವು ಅಂಗೀಕರಿಸಿ, ಗುರಿ, ಅವಧಿ ಮತ್ತು ಹೊಣೆಗಾರರನ್ನು ಮೊದಲೇ ನಿಗದಿಪಡಿಸಲಾಗುತ್ತದೆ.

ಯಶಸ್ಸನ್ನು ಅಳೆಯಬೇಕಾದುದು ಒಟ್ಟು ವಸೂಲಿಯಿಂದಲ್ಲ, ಖರ್ಚು ಕಳೆದ ಉಳಿಕೆಯಿಂದ. ಉದಾಹರಣೆಗೆ, ತಿಂಡಿ ಮೇಳವೊಂದರಲ್ಲಿ 40,000 ರೂಪಾಯಿ ವ್ಯಾಪಾರವಾಗಿ, ಸಾಮಗ್ರಿ ಮತ್ತು ಶಾಮಿಯಾನಕ್ಕೆ 25,000 ರೂಪಾಯಿ ತಗಲಿದ್ದರೆ ಶಾಲೆಗೆ ದೊರೆಯುವುದು 15,000 ರೂಪಾಯಿ ಮಾತ್ರ. ಶಿಕ್ಷಕರ ಮತ್ತು ಮಕ್ಕಳ ಕಲಿಕೆಯ ಸಮಯವನ್ನೂ ಈ ಲೆಕ್ಕದಲ್ಲಿ ಪರಿಗಣಿಸಬೇಕಾಗುತ್ತದೆ.

ಲೆಕ್ಕಪತ್ರ

ಸಂಗ್ರಹವಾದ ಹಣವನ್ನು ವ್ಯಕ್ತಿಯ ಖಾತೆಗೆ ಹಾಕದೆ ಶಾಲೆಯ ಅಥವಾ ಸಮಿತಿಯ ಬ್ಯಾಂಕ್ ಖಾತೆಗೇ ಜಮಾ ಮಾಡಬೇಕು. ಕ್ರಮಸಂಖ್ಯೆಯುಳ್ಳ ರಸೀದಿ, ನಗದು ಪುಸ್ತಕ ಮತ್ತು ಇಬ್ಬರ ಜಂಟಿ ಸಹಿಯ ವ್ಯವಸ್ಥೆಯು ದುರುಪಯೋಗವನ್ನು ತಡೆಯಲು ನೆರವಾಗುತ್ತದೆ. ವಸ್ತುರೂಪದ ದೇಣಿಗೆಯನ್ನು ದಾಸ್ತಾನು ವಹಿಯಲ್ಲಿ ನಮೂದಿಸಲಾಗುತ್ತದೆ. ಕಾರ್ಯ ಮುಗಿದ ಬಳಿಕ ಆದಾಯ, ವೆಚ್ಚ ಮತ್ತು ಉಳಿಕೆಯ ವಿವರವನ್ನು ಪೋಷಕರ ಸಭೆಯಲ್ಲಿ ಓದಿ, ಸೂಚನಾ ಫಲಕದಲ್ಲಿ ಪ್ರಕಟಿಸುವುದು ಮುಂದಿನ ಸಂಗ್ರಹಕ್ಕೆ ಬೇಕಾದ ವಿಶ್ವಾಸವನ್ನು ಉಳಿಸುತ್ತದೆ.

ಟೀಕೆಗಳು

ಸರ್ಕಾರ ಒದಗಿಸಬೇಕಾದ ಮೂಲಸೌಕರ್ಯದ ಹೊರೆಯನ್ನು ನಿಧಿ ಸಂಗ್ರಹವು ಪೋಷಕರ ಮೇಲೆ ಹೊರಿಸುತ್ತದೆ ಎಂಬುದು ಪ್ರಮುಖ ಆಕ್ಷೇಪ. ಕರ್ನಾಟಕದ ಸರ್ಕಾರಿ ಶಾಲೆಗಳ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಅವಕಾಶ ನೀಡುವ ಸುತ್ತೋಲೆಯನ್ನು ಶಿಕ್ಷಣ ಇಲಾಖೆಯು 2022ರ ಅಕ್ಟೋಬರ್‌ನಲ್ಲಿ ಹೊರಡಿಸಿತ್ತು. ದೇಣಿಗೆ ಸ್ವಇಚ್ಛೆಯದೆಂದು ಹೇಳಿದ್ದರೂ ತೀವ್ರ ವಿರೋಧ ವ್ಯಕ್ತವಾದ ಕಾರಣ ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು. ಅನುಕೂಲಸ್ಥರಿರುವ ಊರಿನ ಶಾಲೆಗೆ ಹೆಚ್ಚು ಹಣ ದೊರೆತು, ಬಡ ಊರಿನ ಶಾಲೆ ಹಿಂದುಳಿಯುವ ಅಪಾಯವೂ ಇದೆ.

ತರಗತಿಯಲ್ಲಿ ಯಾರು ಎಷ್ಟು ಕೊಟ್ಟರೆಂದು ಓದುವುದು, ಮಕ್ಕಳಿಗೆ ಚೀಟಿ ಮಾರುವ ಗುರಿ ಹಂಚುವುದು ಕೊಡಲಾರದ ಮನೆಯ ಮಕ್ಕಳನ್ನು ಮುಜುಗರಕ್ಕೆ ಈಡುಮಾಡುತ್ತದೆ. ಮಕ್ಕಳ ಮೂಲಕ ಹಣ ತರಿಸದೆ ಹಿರಿಯರೇ ನೇರವಾಗಿ ಸಂಗ್ರಹಿಸುವುದು ಮತ್ತು ಸಣ್ಣ ದೇಣಿಗೆದಾರರ ಮೊತ್ತವನ್ನು ಬಹಿರಂಗಪಡಿಸದಿರುವುದು ಇದಕ್ಕೆ ಪರಿಹಾರವಾಗಬಲ್ಲ ಕ್ರಮಗಳು.