ಮಂತ್ರಿ ಬಲಿಗೆ ಐನೂರು ವರ್ಷ

ಚದುರಂಗದ ಸಮಸ್ಯೆ ಬಿಡಿಸುವವರು ಎಲ್ಲಕ್ಕಿಂತ ಕೊನೆಗೆ ಯೋಚಿಸುವ ನಡೆಯೇ ಹಲವು ಬಾರಿ ಉತ್ತರವಾಗಿರುತ್ತದೆ. ಅದು ಮಂತ್ರಿಯ ಬಲಿ. ಒಂಬತ್ತು ಕಾಲಾಳುಗಳಷ್ಟು ಬೆಲೆಯ ಕಾಯಿಯನ್ನು ಎದುರಾಳಿಗೆ ಸುಮ್ಮನೆ ಒಪ್ಪಿಸಲು ಯಾರಿಗೆ ತಾನೇ ಮನಸ್ಸು ಬಂದೀತು?

ಈ ಹಿಂಜರಿಕೆಗೂ ಒಂದು ಚರಿತ್ರೆ ಇದೆ. ಯೂರೋಪಿನವರು 'ರಾಣಿ' ಎನ್ನುವ ಈ ಕಾಯಿಗೆ ನಮ್ಮಲ್ಲಿ ಈಗಲೂ 'ಮಂತ್ರಿ' ಎಂಬ ಹಳೆಯ ಹೆಸರು ಉಳಿದಿದೆ. ಹಿಂದಿನ ಆಟದಲ್ಲಿ ಮಂತ್ರಿ ಬಡಪಾಯಿ. ಓರೆಯಾಗಿ ಒಂದೇ ಮನೆ ನಡೆಯುತ್ತಿತ್ತು. ಬಲಶಾಲಿ ಕಾಯಿ ಎಂದರೆ ಆನೆ. ಆದ್ದರಿಂದ ಅರಬರ ಕಾಲದ ಹೆಸರಾಂತ ಸಮಸ್ಯೆಯೊಂದರಲ್ಲಿ ಬಲಿಯಾಗುವುದು ಆನೆಗಳೇ. ಗಂಡ ತನ್ನನ್ನೇ ಪಣಕ್ಕಿಟ್ಟಾಗ, ಎರಡೂ ಆನೆ ಕೊಟ್ಟು ತನ್ನನ್ನು ಉಳಿಸಿಕೊಳ್ಳುವಂತೆ ದಿಲಾರಾಮ್ ಎಂಬಾಕೆ ಸೂಚಿಸಿದಳೆಂಬ ದಂತಕಥೆ ಅದಕ್ಕೆ ಅಂಟಿಕೊಂಡಿದೆ.

ಹದಿನೈದನೆಯ ಶತಮಾನದ ಕೊನೆಯಲ್ಲಿ ಯೂರೋಪಿನಲ್ಲಿ ನಿಯಮ ಬದಲಾಯಿತು. ಮಂತ್ರಿಗೆ ನೇರವಾಗಿಯೂ ಓರೆಯಾಗಿಯೂ ಎಷ್ಟು ಮನೆ ಬೇಕಾದರೂ ಸಾಗುವ ಬಲ ಬಂತು. 1497ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಲುಸೆನಾ ಎಂಬಾತ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹಳೆಯ ಮತ್ತು ಹೊಸ ಆಟದ ಸಮಸ್ಯೆಗಳೆರಡೂ ಇವೆ. ಮಂತ್ರಿ ಬಲಿಯ ಒಂದು ಪ್ರಸಿದ್ಧ ತಂತ್ರವೂ ಅದರಲ್ಲೇ ಇದೆ.

ಅದು ಹೀಗೆ: ಕಪ್ಪು ರಾಜ ಮೂಲೆಯಲ್ಲಿದ್ದಾನೆ. ಮುಂದೆಯೂ ಓರೆಗೂ ಅವನದೇ ಕಾಲಾಳುಗಳು. ಪಕ್ಕದ ಮನೆ ಖಾಲಿ. ಅದರಾಚೆ ಅವನದೇ ಆನೆ. ರಾಜನೆದುರು ಎರಡನೆಯ ಮನೆಯಲ್ಲಿ ನಿಂತ ಬಿಳಿ ಕುದುರೆ ಆ ಖಾಲಿ ಮನೆಯನ್ನು ಕಾಯುತ್ತಿದೆ. ಬಿಳಿ ಮಂತ್ರಿ ಅಲ್ಲಿಗೇ ಬಂದು ಚೆಕ್ ಕೊಡುತ್ತದೆ. ಕುದುರೆಯ ಕಾವಲಿರುವುದರಿಂದ ರಾಜ ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು. ಹೊಡೆದೊಡನೆ ರಾಜನ ಕೊನೆಯ ದಾರಿಯೂ ಮುಚ್ಚಿತು. ಆನೆ ಬಿಟ್ಟುಬಂದ ಮನೆಯ ಮುಂದಿನ ಮನೆಗೆ ಕುದುರೆ ಜಿಗಿದರೆ ಚೆಕ್‌ಮೇಟ್!

ವಿಚಿತ್ರವೆಂದರೆ, ಈ ತಂತ್ರಕ್ಕೆ ಮುಂದೆ ಅಂಟಿದ್ದು ಫ್ರಾನ್ಸಿನ ಫಿಲಿಡೋರನ ಹೆಸರು. ಆತ ಹುಟ್ಟಿದ್ದೇ 1726ರಲ್ಲಿ.

ಇದೇನೂ ಪುಸ್ತಕದಲ್ಲಷ್ಟೇ ಉಳಿದ ಜಾಣ್ಮೆಯಲ್ಲ. 1858ರಲ್ಲಿ ಪ್ಯಾರಿಸ್ಸಿನ ಆಪೆರಾ ಮಂದಿರದಲ್ಲಿ ಅಮೆರಿಕದ ಪಾಲ್ ಮಾರ್ಫಿ, ಜೊತೆಗೂಡಿ ಆಡುತ್ತಿದ್ದ ಇಬ್ಬರು ಶ್ರೀಮಂತರ ಎದುರು 16ನೆಯ ನಡೆಯಲ್ಲಿ ಮಂತ್ರಿಯನ್ನು ಕೊಟ್ಟ. ಎದುರಾಳಿಯ ಕುದುರೆ ಅದನ್ನು ಹೊಡೆಯಿತು. 17ನೆಯ ನಡೆಗೆ ಆನೆಯಿಂದ ಚೆಕ್‌ಮೇಟ್. ಆ ಆಟವನ್ನು ಹೊಸಬರಿಗೆ ಇಂದಿಗೂ ಪಾಠವಾಗಿ ಹೇಳಿಕೊಡುತ್ತಾರೆ.

ಆನೆಯ ಬಲಿಯಿರಲಿ, ಮಂತ್ರಿಯ ಬಲಿಯಿರಲಿ, ಬಿಡಿಸುವ ಕೀಲಿ ಒಂದೇ. ಕೈಬಿಡುವ ಕಾಯಿಯ ಬೆಲೆಯನ್ನು ಲೆಕ್ಕ ಹಾಕುತ್ತಾ ಕೂರಬೇಡಿ. ಎದುರಾಳಿಯ ರಾಜನಿಗೆ ಎಷ್ಟು ಮನೆ ಉಳಿದಿವೆ ಎಂದು ಮೊದಲು ಎಣಿಸಿ.