ಸಿಪ್ಯಾಪ್ ಮಾಸ್ಕ್ ಧಾರಣೆಯ ತೊಡಕುಗಳು

ನಿದ್ರೆಯಲ್ಲಿ ಪದೇ ಪದೇ ಉಸಿರು ಕಟ್ಟುವ ಸ್ಲೀಪ್ ಆಪ್ನಿಯ ಕಾಯಿಲೆಗೆ ಸಿಪ್ಯಾಪ್ ಯಂತ್ರ ಕೊಟ್ಟಾಗ, ಅದರ ಮಾಸ್ಕನ್ನು ಬೆಳಗಿನವರೆಗೆ ಮುಖದ ಮೇಲೆ ಉಳಿಸಿಕೊಳ್ಳಲು ರೋಗಿಗಳಿಗೆ ಎದುರಾಗುವ ಅಡಚಣೆಗಳು. ಹಾಕಿಕೊಂಡಷ್ಟು ಹೊತ್ತು ಈ ಯಂತ್ರ ಬಹುಪಾಲು ಜನರಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಚಿಕಿತ್ಸೆ ಸೋಲುವುದು ಮಾಸ್ಕ್ ಮುಖದ ಮೇಲೆ ನಿಲ್ಲದೆ ಇರುವುದರಿಂದ. ರೋಗಿಗೆ ಮನಸ್ಸಿಲ್ಲ ಎಂದು ಮನೆಯವರೂ ಕೆಲವೊಮ್ಮೆ ವೈದ್ಯರೂ ದೂರುವುದುಂಟು. ಆದರೆ ಕಾರಣ ಹುಡುಕುತ್ತ ಹೋದರೆ ಹೆಚ್ಚಿನ ಸಲ ಸಿಗುವುದು ಅಳತೆ ತಪ್ಪಿದ ಮಾಸ್ಕ್, ಕಟ್ಟಿದ ಮೂಗು ಅಥವಾ ಒಣಗಿದ ಬಾಯಿ.

ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಗೆಯ ಬುಡ ಮತ್ತು ಮೃದು ಅಂಗುಳು ಹಿಂದಕ್ಕೆ ಜರುಗಿ ಉಸಿರಿನ ದಾರಿ ಮುಚ್ಚುತ್ತದೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅದನ್ನು ಒಂದು ಆಪ್ನಿಯ ಎಂದು ಎಣಿಸುತ್ತಾರೆ. ಪೂರ್ತಿ ಮತ್ತು ಅರೆಬರೆ ಅಡಚಣೆಗಳೆಲ್ಲ ಸೇರಿ ಗಂಟೆಗೆ ಸರಾಸರಿ 5ರಿಂದ 15 ಆದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಯಂತ್ರವು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನಷ್ಟು ಒತ್ತಡದಲ್ಲಿ ಮಾಸ್ಕಿನ ಮೂಲಕ ಒಳಗೆ ತಳ್ಳುತ್ತದೆ. ಈ ಒತ್ತಡವೇ ಗಂಟಲು ಮುಚ್ಚಿಕೊಳ್ಳದಂತೆ ಒಳಗಿನಿಂದ ಆನಿಸಿ ನಿಲ್ಲಿಸುತ್ತದೆ.

ಮಾಸ್ಕಿನ ಕಷ್ಟಕ್ಕೆ ಈ ಚಿಕಿತ್ಸೆಯಷ್ಟೇ ವಯಸ್ಸು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಐದು ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಗಾಳಿ ಊದಲು ಬಳಸಿದ್ದು ವ್ಯಾಕ್ಯೂಮ್ ಕ್ಲೀನರ್ ಮೋಟಾರ್. ಮನೆಗೆ ಯಂತ್ರ ಒಯ್ದ ಮೊದಮೊದಲ ರೋಗಿಗಳಿಗೆ ಅವರವರ ಮುಖದ ಅಚ್ಚು ತೆಗೆದು ಮಾಸ್ಕ್ ಮಾಡಿಕೊಡುತ್ತಿದ್ದರು. ಪ್ರತಿ ರಾತ್ರಿ ಅದನ್ನು ಸಿಲಿಕೋನ್ ಅಂಟು ಹಚ್ಚಿ ಕೂರಿಸಿಕೊಳ್ಳಬೇಕಿತ್ತು. ಇಷ್ಟು ಕಷ್ಟಪಟ್ಟವರು ಏಕೆ ಬಿಟ್ಟುಬಿಡಲಿಲ್ಲ ಎಂದರೆ, ಅದಕ್ಕೆ ಮೊದಲು ತೀವ್ರ ಕಾಯಿಲೆಗಿದ್ದ ಖಚಿತ ಪರಿಹಾರ ಕುತ್ತಿಗೆಯಲ್ಲಿ ರಂಧ್ರ ಕೊರೆದು ನಳಿಕೆ ಇಡುವುದೊಂದೇ ಆಗಿತ್ತು.

ರೋಗಿಗಳು ಎಷ್ಟು ಹೊತ್ತು ಮಾಸ್ಕ್ ಹಾಕುತ್ತಾರೆಂಬುದು ಬಹುಕಾಲ ಅವರ ಮಾತಿನಿಂದಷ್ಟೇ ಗೊತ್ತಾಗುತ್ತಿತ್ತು. ಅಮೆರಿಕದಲ್ಲಿ ಯಂತ್ರದೊಳಗೆ ಮೀಟರ್ ಇಟ್ಟು ಅಳೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 35 ಮಂದಿಯ ಪೈಕಿ 16 ಜನ ಮಾತ್ರ ಶೇಕಡಾ 70ರಷ್ಟು ದಿನಗಳಲ್ಲಿ ಕನಿಷ್ಠ ನಾಲ್ಕು ಗಂಟೆ ಬಳಸಿದ್ದರು. ಹೇಳಿಕೊಂಡದ್ದು ಮಾತ್ರ ಅದಕ್ಕಿಂತ ಹೆಚ್ಚು. ಅದೇ ಅಳತೆ ಮುಂದೆ ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್‌ನ ನಿಯಮದಲ್ಲೂ ಬಂತು: ಮೊದಲ ಮೂರು ತಿಂಗಳೊಳಗೆ ಯಾವುದಾದರೂ ಸತತ 30 ದಿನಗಳಲ್ಲಿ ಶೇಕಡಾ 70ರಷ್ಟು ರಾತ್ರಿ ನಾಲ್ಕು ಗಂಟೆಯಾದರೂ ಬಳಸಿರಬೇಕು.

ನಾಲ್ಕು ಗಂಟೆ ಲೆಕ್ಕದ ಅನುಕೂಲಕ್ಕೆ ಹಾಕಿಕೊಂಡ ಗೆರೆ. ದೇಹ ಆ ಗೆರೆಯನ್ನು ಗಮನಿಸುವುದಿಲ್ಲ. ಕನಸು ಹೆಚ್ಚಾಗಿ ಬೀಳುವ ಆರ್‌ಇಎಂ ನಿದ್ರೆ ರಾತ್ರಿಯ ದ್ವಿತೀಯಾರ್ಧದಲ್ಲಿ ದಟ್ಟವಾಗಿರುತ್ತದೆ. ಸ್ನಾಯುಗಳು ತೀರಾ ಸಡಿಲವಾಗುವುದೂ, ಎಷ್ಟೋ ಮಂದಿಯಲ್ಲಿ ಉಸಿರು ಅತಿ ದೀರ್ಘವಾಗಿ ಕಟ್ಟುವುದೂ ಆಗಲೇ. ಹನ್ನೊಂದಕ್ಕೆ ಮಲಗಿ ಮೂರಕ್ಕೆ ಮಾಸ್ಕ್ ಕಿತ್ತವರು ನಿಯಮದ ಪ್ರಕಾರ ಪಾಸು. ಆದರೆ ಬೇಕಾದ ಹೊತ್ತಿಗೇ ಅವರಿಗೆ ಚಿಕಿತ್ಸೆ ಇರುವುದಿಲ್ಲ. ಹೃದಯದ ಅಥವಾ ಮಿದುಳಿನ ರಕ್ತನಾಳಗಳ ಕಾಯಿಲೆಯಿದ್ದ 2,717 ಮಂದಿಯನ್ನು ಸೇರಿಸಿಕೊಂಡು 2016ರಲ್ಲಿ ಪ್ರಕಟವಾದ ‘ಸೇವ್’ ಪ್ರಯೋಗದಲ್ಲಿ ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಕಡಿಮೆಯಾಗಲಿಲ್ಲ. ಅಲ್ಲಿ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ ಎಂಬುದನ್ನು ಫಲಿತಾಂಶ ಓದುವವರು ಮರೆಯುವಂತಿಲ್ಲ.

ಮಾಸ್ಕ್ ಕಳಚುವ ಸಾಮಾನ್ಯ ಕಾರಣಗಳಲ್ಲಿ ಗಾಳಿ ಸೋರಿಕೆಯೂ ಒಂದು. ಸೋರುತ್ತಿದೆ ಎಂದೊಡನೆ ಕೈ ಹೋಗುವುದು ಪಟ್ಟಿಯತ್ತ, ಎಳೆದು ಬಿಗಿ ಮಾಡಲು. ಅನೇಕ ಮಾಸ್ಕ್‌ಗಳ ಸಿಲಿಕೋನ್ ಅಂಚಿಗೆ ಎರಡು ಪದರಗಳಿದ್ದು, ಚರ್ಮಕ್ಕೆ ತಾಗುವ ತೆಳು ಪದರ ಗಾಳಿ ತುಂಬಿ ಉಬ್ಬಿದಾಗಲೇ ಸರಿಯಾಗಿ ಕೂರುತ್ತದೆ. ಬಿಗಿದಷ್ಟೂ ಆ ಪದರ ಮಡಚಿಕೊಂಡು ಸೋರಿಕೆ ಹೆಚ್ಚುತ್ತದೆ. ಜೊತೆಗೆ ಮೂಗಿನ ದಿಂಡಿನ ಮೇಲೆ ಕೆಂಪು ಗೆರೆ, ಆಮೇಲೆ ಹುಣ್ಣು. ಕೂತು ಪಟ್ಟಿ ಹೊಂದಿಸಿಕೊಂಡದ್ದು ಮಲಗಿದಾಗ ಸರಿಯಾಗಿರುವುದಿಲ್ಲ, ಏಕೆಂದರೆ ಕೆನ್ನೆ ಮತ್ತು ದವಡೆ ಜರುಗುತ್ತವೆ. ಆದ್ದರಿಂದ ಯಂತ್ರ ಪೂರ್ತಿ ಒತ್ತಡದಲ್ಲಿ ಓಡುತ್ತಿರುವಾಗ, ಮಲಗಿಕೊಂಡೇ, ಮಾಸ್ಕನ್ನು ಒಮ್ಮೆ ಮುಖದಿಂದ ಎತ್ತಿ ಬಿಟ್ಟು ಪಟ್ಟಿ ಹೊಂದಿಸಬೇಕು. ಮಾಸ್ಕಿನ ಮುಂಭಾಗದ ಸಣ್ಣ ತೂತುಗಳಿಂದ ಬರುವ ಸುಯ್ ಶಬ್ದ ಸೋರಿಕೆಯಲ್ಲ. ಬಿಟ್ಟ ಉಸಿರು ಹೊರಹೋಗಲು ಅವು ಬೇಕೇ ಬೇಕು. ಟೇಪು ಹಚ್ಚಿ ಮುಚ್ಚುವುದು ಅಪಾಯ.

ಮಲಗುವ ಮುಂಚೆ ತಲೆಗೆ, ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ರೂಢಿ ಸಿಲಿಕೋನಿಗೆ ಒಗ್ಗುವುದಿಲ್ಲ. ಮಾಸ್ಕ್ ಜಾರುತ್ತದೆ, ಅಂಚು ಬೇಗ ಮೆತ್ತಗಾಗಿ ಹಾಳಾಗುತ್ತದೆ. ಮುಖ ತೊಳೆದು ಒರೆಸಿಕೊಂಡು ಹಾಕಿಕೊಳ್ಳುವುದು, ಬೆಳಿಗ್ಗೆ ಅಂಚನ್ನು ಸೌಮ್ಯ ಸೋಪಿನ ನೀರಿನಲ್ಲಿ ತೊಳೆಯುವುದು ರೂಢಿಯಾಗಬೇಕು. ದಪ್ಪ ಮೀಸೆಯವರಿಗೆ ಹೊಳ್ಳೆಗಳಿಗಷ್ಟೇ ಕೂರುವ ಪಿಲ್ಲೋ ಮಾಸ್ಕ್ ಅನುಕೂಲವಾಗಬಹುದು.

ಬಾಯಿ ತೆರೆದು ಮಲಗುವವರಲ್ಲಿ ಮೂಗಿಗೆ ಕೊಟ್ಟ ಗಾಳಿ ಬಾಯಿಯಿಂದ ಹೊರಬಿದ್ದು, ನಡುರಾತ್ರಿ ನಾಲಗೆ ಒಣಗಿ ಎಚ್ಚರವಾಗುತ್ತದೆ. ಇಂಥವರಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಕೊಡುವುದು ಸುಲಭದ ದಾರಿಯಾಗಿ ಕಂಡರೂ, ಅದರಲ್ಲಿ ಸೋರಿಕೆ ಹೆಚ್ಚು, ಒತ್ತಡವೂ ಹೆಚ್ಚು ಬೇಕಾಗಬಹುದು. ಮೂಗಿನ ಮಾಸ್ಕಿನಷ್ಟು ಹೊತ್ತು ಜನ ಅದನ್ನು ಹಾಕಿಕೊಳ್ಳುವುದೂ ಇಲ್ಲ. ಅಲರ್ಜಿಯಿಂದಲೋ ಮೂಗಿನ ನಡುಗೋಡೆ ಡೊಂಕಾಗಿರುವುದರಿಂದಲೋ ಮೂಗು ಕಟ್ಟಿದ್ದರೆ ಮೊದಲು ಅದನ್ನು ನೋಡಿಸಬೇಕು. ಗಾಳಿಯನ್ನು ಬೆಚ್ಚಗೆ ತೇವಗೊಳಿಸುವ ಹ್ಯೂಮಿಡಿಫೈಯರ್ ಒಣಗುವಿಕೆಯನ್ನು ತಗ್ಗಿಸುತ್ತದೆ. ಅದರ ತೊಟ್ಟಿಗೆ ಡಿಸ್ಟಿಲ್ಡ್ ನೀರು ಹಾಕಬೇಕು. ಬೋರ್‌ವೆಲ್ ನೀರಾದರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಕೋಣೆ ತಣ್ಣಗಿದ್ದರೆ ಆ ತೇವವೇ ಕೊಳವೆಯಲ್ಲಿ ಹನಿಗಟ್ಟಿ, ಗುಳುಗುಳು ಸದ್ದು ಮಾಡುತ್ತ ಮುಖಕ್ಕೆ ತೊಟ್ಟಿಕ್ಕುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಕೊಳವೆಯನ್ನು ಕಂಬಳಿಯೊಳಗೆ ಹಾಯಿಸಿಕೊಂಡರೆ ಇದು ಕಡಿಮೆಯಾದೀತು.

ಮಾಸ್ಕ್ ಹಾಕಿದೊಡನೆ ಉಸಿರುಗಟ್ಟಿದಂತಾಗಿ ಎದೆ ಹೊಡೆದುಕೊಳ್ಳುವವರೂ ಇದ್ದಾರೆ. ಇವರಿಗೆ ರಾತ್ರಿಯ ಬಲವಂತ ಕೂಡದು. ಹಗಲು ಟಿವಿ ನೋಡುವಾಗ ಮಾಸ್ಕನ್ನು ಕೈಯಲ್ಲಿ ಹಿಡಿದು ಮುಖಕ್ಕೆ ತಾಗಿಸುವುದು, ಆಮೇಲೆ ಪಟ್ಟಿ ಹಾಕಿಕೊಳ್ಳುವುದು, ಆಮೇಲೆ ಗಾಳಿ ಬಿಡುವುದು, ಮಧ್ಯಾಹ್ನದ ಒಂದು ನಿದ್ದೆ ತೆಗೆಯುವುದು, ಹೀಗೆ ಹಂತ ಹಂತವಾಗಿ ರೂಢಿಸುತ್ತಾರೆ. ಒತ್ತಡವನ್ನು ನಿಧಾನಕ್ಕೆ ಏರಿಸುವ ‘ರ‍್ಯಾಂಪ್’, ಉಸಿರು ಬಿಡುವಾಗ ಒತ್ತಡ ಇಳಿಸುವ ಸೌಲಭ್ಯಗಳೂ ನೆರವಾಗುತ್ತವೆ. ಗಾಳಿ ನುಂಗಿ ಹೊಟ್ಟೆ ಉಬ್ಬರಿಸಿದರೆ ಒತ್ತಡವನ್ನು ವೈದ್ಯರಿಂದ ಮರುಪರಿಶೀಲನೆ ಮಾಡಿಸಬೇಕು.

ಇನ್ನು ಕೆಲವರು ನಿದ್ದೆಗಣ್ಣಿನಲ್ಲೇ ಮಾಸ್ಕ್ ಕಿತ್ತು ದಿಂಬಿನಡಿ ತುರುಕಿರುತ್ತಾರೆ, ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಇಂಥಲ್ಲಿ ಯಂತ್ರದ ದಾಖಲೆ ನೋಡಬೇಕು. ಕೀಳುವ ಮುಂಚಿನ ಹೊತ್ತಿನಲ್ಲಿ ಸೋರಿಕೆ ಏರಿದೆಯೇ, ಒತ್ತಡ ಸಾಲದೆ ಉಸಿರು ಕಟ್ಟಿದೆಯೇ ಎಂಬುದು ಅಲ್ಲಿ ಸಿಗುತ್ತದೆ. ರಾತ್ರಿ ಕರೆಂಟು ಹೋದರೆ ಯಂತ್ರವೂ ನಿಲ್ಲುತ್ತದೆ. ಬಾಯಿಯನ್ನೂ ಮುಚ್ಚುವ ಮಾಸ್ಕ್‌ಗಳಲ್ಲಿ ಆಗ ಹೊರಗಾಳಿ ಒಳಬರಲು ಕವಾಟವಿರುತ್ತದೆ. ಆದರೂ ಮನೆಯಲ್ಲಿ ಯುಪಿಎಸ್ ಇದ್ದರೆ ಯಂತ್ರದ ಪ್ಲಗ್ಗನ್ನು ಅದರ ಲೈನಿಗೇ ಕೊಡುವುದು ವಾಸಿ. ನೆಂಟರ ಮನೆ, ಮದುವೆ ಛತ್ರ, ರಾತ್ರಿ ಬಸ್ಸುಗಳಲ್ಲಿ ಸಂಕೋಚಕ್ಕೋ ಪ್ಲಗ್ ಇಲ್ಲದ್ದಕ್ಕೋ ಯಂತ್ರ ಮನೆಯಲ್ಲೇ ಉಳಿಯುತ್ತದೆ, ಮರಳಿದ ಮೇಲೆ ಮತ್ತೆ ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ.

ಮಾಸ್ಕ್ ಆರಿಸುವಾಗ ಒಂದು ಎಚ್ಚರಿಕೆ: ಪೇಸ್‌ಮೇಕರ್ ಇರುವವರು ಅಯಸ್ಕಾಂತದ ಕ್ಲಿಪ್ಪುಳ್ಳ ಮಾಸ್ಕ್ ಬಳಸಬಾರದು. ಪಕ್ಕದಲ್ಲಿ ಮಲಗುವವರಿಗೆ ಪೇಸ್‌ಮೇಕರ್ ಇದ್ದರೂ ಇದು ಅನ್ವಯಿಸುತ್ತದೆ.

ಏನು ಮಾಡಿದರೂ ಮಾಸ್ಕ್ ಒಗ್ಗದವರಿಗೆ ಬೇರೆ ದಾರಿಗಳಿವೆ. ಸೌಮ್ಯ ಮತ್ತು ಮಧ್ಯಮ ಹಂತದಲ್ಲಿ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನ, ಅಂಗಾತ ಮಲಗಿದಾಗ ಮಾತ್ರ ತೊಂದರೆಯಿದ್ದರೆ ಮಗ್ಗುಲು ನಿದ್ರೆಯ ಅಭ್ಯಾಸ ಉಪಯೋಗಕ್ಕೆ ಬರುತ್ತವೆ. ನಾಲಗೆಯ ನರವನ್ನು ಪ್ರಚೋದಿಸುವ, ಶಸ್ತ್ರಚಿಕಿತ್ಸೆಯಿಂದ ಅಳವಡಿಸುವ ಸಾಧನಕ್ಕೆ 2014ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ಕೊಟ್ಟಿತು. ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಆಪ್ನಿಯ ಇರುವವರಿಗೆ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಅದೇ ಸಂಸ್ಥೆ 2024ರ ಡಿಸೆಂಬರಿನಲ್ಲಿ ಒಪ್ಪಿತು. ತೂಕ ಇಳಿಯಲು ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಯಂತ್ರ ಮುಂದುವರಿಸಿ, ಬಿಡಬಹುದೇ ಎಂಬುದನ್ನು ಇನ್ನೊಮ್ಮೆ ನಿದ್ರಾ ಪರೀಕ್ಷೆ ಮಾಡಿಯೇ ನಿರ್ಧರಿಸುತ್ತಾರೆ.