ಶುಶ್ರೂಷೆಗೆ ವಿದ್ಯೆಯ ಬೆಂಬಲ

ಯೇಸುಸ್ವಾಮಿ ಹೇಳಿದ ದಯಾಳು ಸಮಾರಿಯನ ಸಾಮತಿಯನ್ನು ಕೇಳದ ಕ್ರೈಸ್ತರಿಲ್ಲ. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಕಂಡು ಆತನು ಮರುಗಿದನು, ಅಷ್ಟಕ್ಕೇ ನಿಲ್ಲಲಿಲ್ಲ. ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದನು, ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದನು. ಮರುಕದ ಜೊತೆಗೆ ಮಾಡತಕ್ಕದ್ದರ ತಿಳಿವೂ ಆತನಲ್ಲಿತ್ತು. ದಯೆ ಮತ್ತು ವಿದ್ಯೆ ಹೀಗೆ ಕೈಜೋಡಿಸಿದ ಬಗೆಯೇ ದಾದಿಯರ ಶಿಕ್ಷಣದ ಇತಿಹಾಸ. ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಸಂದರ್ಭದಲ್ಲಿ ಅದನ್ನು ಸ್ಮರಿಸುವುದು ಉಚಿತವಾಗಿದೆ.

ರೋಗಿಗಳ ಸೇವೆ ನಮ್ಮ ನಾಡಿನ ಧರ್ಮಸಭೆಗೆ ಹೊಸತಲ್ಲ. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ವಂದನೀಯ ಆಗಸ್ಟಸ್ ಮುಲ್ಲರರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದರು. ಆದರೆ ಒಂದು ಕೊರತೆ ಉಳಿದಿತ್ತು. ಧರ್ಮಭಗಿನಿಯರು ವೈದ್ಯವೃತ್ತಿಯನ್ನು, ವಿಶೇಷವಾಗಿ ಪ್ರಸೂತಿ ಕಾರ್ಯವನ್ನು ಕೈಗೊಳ್ಳಲು ಧರ್ಮಸಭೆಯ ಅಂದಿನ ನಿಯಮಗಳು ಅಡ್ಡಿಯಾಗಿದ್ದವು. ಇತ್ತ, ಗಂಡು ವೈದ್ಯರ ಮುಂದೆ ಬರಲೊಪ್ಪದ ಅಸಂಖ್ಯ ಸ್ತ್ರೀಯರು ನೆರವಿಲ್ಲದೆ ಹೆರಿಗೆಯಲ್ಲಿ ಪ್ರಾಣ ಬಿಡುತ್ತಿದ್ದರು.

ಈ ವ್ಯಥೆಯನ್ನು ರೋಮಿಗೆ ಮುಟ್ಟಿಸಿದವರೂ ಸ್ತ್ರೀಯರೇ. ಸ್ಕಾಟ್‌ಲೆಂಡಿನ ವೈದ್ಯೆ ಆಗ್ನೆಸ್ ಮೆಕ್‌ಲಾರೆನ್ ಮೊರೆಯಿಟ್ಟರು. ಆಕೆ ನೆರವಾಗಿದ್ದ ರಾವಲ್ಪಿಂಡಿಯ ಆಸ್ಪತ್ರೆಯಲ್ಲಿ ಮುಂದೆ ದುಡಿದ ಆಸ್ಟ್ರಿಯಾದ ವೈದ್ಯೆ ಆನ್ನಾ ಡೆಂಗೆಲ್ 1925ರಲ್ಲಿ ವೈದ್ಯಕೀಯ ಸೇವೆಗೆಂದೇ ಒಂದು ಸಂಘವನ್ನು ಸ್ಥಾಪಿಸಿದರು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ ಪೋಪ್ ಜಗದ್ಗುರುಗಳ ವಿಶೇಷ ಅನುಮತಿ ಪಡೆದು, ಗುಂಟೂರಿನಲ್ಲಿ ಧರ್ಮಭಗಿನಿಯಾಗಿ ರೋಗಿಗಳ ಸೇವೆಗೈದರು. ಕೊನೆಗೆ 1936ರ ಫೆಬ್ರವರಿ 11ರಂದು, ಲೂರ್ದುಮಾತೆಯ ಹಬ್ಬದ ದಿನ, ರೋಮಿನಿಂದ ಹೊರಟ ಆದೇಶವು ಈ ಬಾಗಿಲನ್ನು ತೆರೆಯಿತು. ಅದು ಅನುಮತಿಯನ್ನು ಮಾತ್ರವೇ ನೀಡಲಿಲ್ಲ. ಭಗಿನಿಯರು ಕ್ರಮಬದ್ಧವಾಗಿ ಕಲಿತು ಅರ್ಹತಾಪತ್ರ ಪಡೆಯಬೇಕೆಂದೂ ಬಯಸಿತು. ಭಕ್ತಿ ಇದ್ದಮಾತ್ರಕ್ಕೆ ವಿದ್ಯೆ ಬೇಡವೆಂಬ ಭಾವನೆಗೆ ಅಲ್ಲಿ ಎಡೆಯಿರಲಿಲ್ಲ. 1943ರಲ್ಲಿ ಸಿಸ್ಟರ್ ಗ್ಲೌರಿಯವರು ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. 1957ರಲ್ಲಿ ಬೆಂಗಳೂರಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು.

ದೇಶವೂ ಇದೇ ದಾರಿಯಲ್ಲಿ ನಡೆದಿತ್ತು. 1946ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. 1947ರ ಶಾಸನದಂತೆ ಭಾರತೀಯ ನರ್ಸಿಂಗ್ ಪರಿಷತ್ತು ರೂಪುಗೊಂಡು, ಶಿಕ್ಷಣದ ಮಟ್ಟವನ್ನು ನಿಗದಿಪಡಿಸುವ ಹೊಣೆ ಹೊತ್ತಿತು.

ಈ ಪದವಿ ನಾಲ್ಕು ವರ್ಷಗಳದು; 2021ರಲ್ಲಿ ಪ್ರಕಟವಾದ ನಿಯಮಗಳು ಅದನ್ನು ಎಂಟು ಸೆಮಿಸ್ಟರುಗಳಾಗಿ ವಿಂಗಡಿಸಿವೆ. ಮೊದಲು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ. ಬಳಿಕ ಪೋಷಣಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ. ಅನಂತರ ವಯಸ್ಕರ, ಮಕ್ಕಳ, ಮಾನಸಿಕ ರೋಗಿಗಳ ಮತ್ತು ಗರ್ಭಿಣಿ-ಬಾಣಂತಿಯರ ಆರೈಕೆ. ಇವೆಲ್ಲ ತರಗತಿಯ ಪಾಠಗಳಷ್ಟೇ ಅಲ್ಲ. ವಿದ್ಯಾರ್ಥಿನಿಯು ಮೊದಲು ಪ್ರಯೋಗಶಾಲೆಯಲ್ಲಿ ಬೊಂಬೆಯ ಮೇಲೆ ಕೈ ಪಳಗಿಸುತ್ತಾಳೆ. ಆಮೇಲೆ ಶಿಕ್ಷಕಿಯ ಕಣ್ಣೆದುರಿನಲ್ಲಿ ವಾರ್ಡಿನ ರೋಗಿಯ ಬಳಿಗೆ ಹೋಗುತ್ತಾಳೆ. ನಾಡಿ ನೋಡುವುದು, ರಕ್ತದೊತ್ತಡ ಅಳೆಯುವುದು, ಔಷಧದ ಪ್ರಮಾಣವನ್ನು ಲೆಕ್ಕಹಾಕುವುದು, ಕಂಡದ್ದನ್ನು ತಪ್ಪಿಲ್ಲದೆ ಬರೆದಿಡುವುದು ಹೀಗೆ ಕೈವಶವಾಗುತ್ತವೆ. ಹಳ್ಳಿಯ ಮನೆಗಳಿಗೂ ಆಕೆ ಹೋಗಬೇಕು. ಕೊನೆಯ ಸೆಮಿಸ್ಟರು ಇಂಟರ್ನ್‌ಶಿಪ್ಪಿಗೆ ಮೀಸಲು. ಹುಡುಗರಿಗೂ ಇದೇ ಶಿಕ್ಷಣ, ಇದೇ ಶಿಸ್ತು.

ಔಷಧದ ಲೆಕ್ಕದಲ್ಲಿ ಒಂದು ದಶಮಾಂಶದ ಚುಕ್ಕೆ ಸ್ಥಳ ತಪ್ಪಿದರೆ ರೋಗಿಯ ಪ್ರಾಣಕ್ಕೇ ಅಪಾಯವುಂಟು. ಎಷ್ಟೇ ಮೃದುವಾದ ಮಾತು ಆ ತಪ್ಪನ್ನು ಸರಿಪಡಿಸಲಾರದು. ಹಾಗೆಯೇ, ನೋವಿನಿಂದ ನರಳುವವನಿಗೆ ಲೆಕ್ಕದಲ್ಲಿ ಜಾಣೆಯಾದ ದಾದಿಯೊಬ್ಬಳೇ ಸಾಲದು. ಅವನ ಹೆಸರು ಹಿಡಿದು ಕರೆಯುವ ಮನಸ್ಸೂ ಬೇಕು. ಅದನ್ನು ಬೆಳೆಸುವ ಪ್ರಥಮ ಪಾಠಶಾಲೆ ನಮ್ಮ ಮನೆ, ನಮ್ಮ ದೇವಾಲಯ.

ಆದುದರಿಂದ ಪ್ರಿಯ ವಿಶ್ವಾಸಿಗಳೇ, ಈ ವಿದ್ಯೆಗೆ ಹೊರಟ ನಮ್ಮ ಮಕ್ಕಳನ್ನು ಕೇವಲ ಸಂಬಳದ ದೃಷ್ಟಿಯಿಂದ ಅಳೆಯದಿರೋಣ. ಬರಿಯ ತ್ಯಾಗದ ಮಾತನಾಡಿ ಅವರ ವಿದ್ಯೆಯನ್ನೂ ದುಡಿಮೆಯ ಬೆಲೆಯನ್ನೂ ಮರೆಯದಿರೋಣ. ಗಾಯ ಕಟ್ಟುವ ಆ ಕೈಗಳನ್ನು ಪ್ರಭುವು ಆಶೀರ್ವದಿಸಲಿ.